ಚೌಕಿಯ ಬಾಗಿಲು ತೆರೆದಿರಲಿ

ನಮ್ಮ ಗಡಿನಾಡಿನಲ್ಲಿ ಆಟವೆಂದರೆ ಯಕ್ಷಗಾನವೆಂದೇ ಅರ್ಥ. ಯಕ್ಷಗಾನದ ಪಿತಾಮಹನೆಂದು ನಾವು ಗೌರವಿಸುವ ಪಾರ್ತಿಸುಬ್ಬ ಕುಂಬಳೆಯವನು. 2006ರಲ್ಲಿ ಅಗಲಿದ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಹೆಸರಿನೊಂದಿಗಿರುವ ಶೇಣಿ, ಪೆರ್ಲ ಸೇರಿರುವ ಎಣ್ಮಕಜೆ ಪಂಚಾಯತಿನದೇ ಊರು. ಇಂಥ ನೆಲದಲ್ಲಿ ಆಟ ನೋಡುವವರಿಗೆ ಬರವಿಲ್ಲ, ಹರಕೆ ಆಟ ಆಡಿಸುವವರಿಗೂ ಬರವಿಲ್ಲ. ಆದರೆ ಗೆಜ್ಜೆ ಕಟ್ಟಬೇಕೆಂದು ಆಸೆಪಡುವ ಮಗುವಿಗೆ ಒಳಗೆ ಬರುವ ಬಾಗಿಲು ಎಲ್ಲುಂಟು?

ಹಿಂದೆ ಆ ಬಾಗಿಲು ಆಟದ ಒಳಗೇ ಇತ್ತು. ಪ್ರಸಂಗಕ್ಕೆ ಮೊದಲು ಪೂರ್ವರಂಗ. ಅಲ್ಲಿ ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷಗಳು. ಹೊಸ ಹುಡುಗರು ಸಭಾಕಂಪ ಕಳೆದುಕೊಂಡದ್ದು ಅಲ್ಲಿಯೇ. ಈಗ ಕಾಲಮಿತಿಯ ಆಟಗಳು ಹೆಚ್ಚಾಗಿವೆ. ಸಮಯ ಸಾಲದಾದಾಗ ಮೊದಲು ಕತ್ತರಿ ಬೀಳುವುದು ಪೂರ್ವರಂಗಕ್ಕೆ. ನೋಡುವವರಿಗೆ ಅದು ದೊಡ್ಡ ನಷ್ಟವಾಗಿ ಕಾಣುವುದಿಲ್ಲ. ಕಲಿಯುವವರಿಗೆ ಮಾತ್ರ ದಾರಿಯೇ ಕಿರಿದಾಗುತ್ತದೆ.

ಆ ದಾರಿಯನ್ನು ಮತ್ತೆ ಅಗಲ ಮಾಡುವ ಕೆಲಸ ಊರಿನ ಸಣ್ಣ ಸೇವಾಸಂಸ್ಥೆಗಳದ್ದು. ಹಿರಿಯ ಕಲಾವಿದರಾದ ಪಡ್ರೆ ಚಂದು ಅವರ ನೆನಪಿನ ಯಕ್ಷಗಾನ ನಾಟ್ಯ ತರಬೇತಿ ಕೇಂದ್ರ ನಮ್ಮ ಪೆರ್ಲದಲ್ಲಿದೆ. ಸಬ್ಬಣಕೋಡಿ ರಾಮ ಭಟ್ಟರು ಅಲ್ಲಿ ಮಕ್ಕಳಿಗೆ ಹೆಜ್ಜೆ ಹೇಳಿಕೊಟ್ಟವರು. ದೊಡ್ಡವರಿಗೂ ಒಂದು ಸುಲಭದ ದಾರಿಯಿದೆ, ಅದು ತಾಳಮದ್ದಳೆ. ವೇಷ ಬೇಡ, ರಂಗಸ್ಥಳ ಬೇಡ. ಭಾಗವತರು, ಚೆಂಡೆ, ಮದ್ದಳೆ, ಅರ್ಥ ಹೇಳುವ ನಾಲ್ಕು ಜನ. ಮನೆಯ ಜಗಲಿ ಸಾಕು. ವಾರದ ಕೂಟದಲ್ಲಿ ಹೊಸಬರಿಗೊಂದು ದೂತನ ಪಾತ್ರವನ್ನಾದರೂ ಬಿಟ್ಟುಕೊಡೋಣ.

ಇದು ಬರಿಯ ಮನರಂಜನೆಯ ಮಾತಲ್ಲ. 1956ರ ನವೆಂಬರ್ 1ರಿಂದ ನಾವು ಕೇರಳದವರು. ನಮ್ಮ ಮನೆಗಳಲ್ಲಿ ತುಳು ಉಂಟು, ಮಲಯಾಳ ಉಂಟು, ಕೊಂಕಣಿ, ಮರಾಠಿ ಉಂಟು. ಈ ಎಲ್ಲ ಮನೆಗಳ ಮಕ್ಕಳೂ ಕನ್ನಡದಲ್ಲಿ ತಲೆಯೆತ್ತಿ ಮಾತಾಡುವ ಜಾಗ ಯಕ್ಷಗಾನ. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ. ಕನ್ನಡ ತಿಳಿಯದ ಮಕ್ಕಳೂ ಕಿರೀಟ ಕಟ್ಟಿ ಕುಣಿಯುವಾಗ, ಕನ್ನಡ ಬಲ್ಲ ನಮ್ಮ ಮಕ್ಕಳು ಕೆಳಗೆ ಕುಳಿತೇ ಇರಬೇಕೆ?

ಖರ್ಚು ಉಂಟು, ನಿಜ. ಮದ್ದಳೆಯ ಮುಚ್ಚಿಗೆ ಹರಿಯುತ್ತದೆ, ವೇಷಕ್ಕೆ ಬಾಡಿಗೆ ಕೊಡಬೇಕು, ಗುರುಗಳಿಗೆ ಸಂಭಾವನೆ ಸಲ್ಲಬೇಕು. ಒಬ್ಬ ಧನಿಕರು ಎಲ್ಲವನ್ನೂ ಕೊಟ್ಟರೆ ನಾವು ಅವರ ಅತಿಥಿಗಳು. ನೂರು ಮನೆಯವರು ಅಡಿಕೆ ಮಾರಿದ ದಿನ ಅಷ್ಟಿಷ್ಟು ತೆಗೆದಿಟ್ಟರೆ ಅದು ನಮ್ಮದೇ ಕೇಂದ್ರ. ಸಂಸ್ಥೆಯವರೂ ವರ್ಷಕ್ಕೊಮ್ಮೆ ಸಭೆಯಲ್ಲಿ ಲೆಕ್ಕ ಓದಿ ಹೇಳಬೇಕು. ಹಣವಿಲ್ಲದವರು ಚಪ್ಪರಕ್ಕೆ ಕೈಗೂಡಿಸಬಹುದು, ವೇಷದ ಪೆಟ್ಟಿಗೆ ಹೊರಬಹುದು, ನೆರೆಮನೆಯ ಮಕ್ಕಳನ್ನು ತರಗತಿಗೆ ಕರೆತರಬಹುದು. ಶುಲ್ಕವಿಲ್ಲವೆಂದೋ, ಹೆಣ್ಣುಮಗುವೆಂದೋ, ಇಂಥ ಮನೆಯದೆಂದೋ ಯಾವ ಮಗುವೂ ಹಿಂದೆ ಹೋಗಬಾರದು.

ಇನ್ನೊಮ್ಮೆ ಆಟಕ್ಕೆ ಹೋಗುವಾಗ ಸ್ವಲ್ಪ ಬೇಗ ಹೊರಡಿ. ಪೂರ್ವರಂಗದಲ್ಲಿ ಹೆಜ್ಜೆ ತಪ್ಪಿಸಿಯೂ ಕುಣಿಯುವ ಮಗುವಿದ್ದರೆ, ಅದಕ್ಕಾಗಿ ಎದುರು ಸಾಲಿನಲ್ಲಿ ಕುಳಿತಿರಿ. ನಾಳೆಯ ಆಟ ಆ ಮಗುವಿನದು.