ಪ್ರಯಾಣದ ಕಾರ್ಡು: ಲೆಕ್ಕ ಹಾಕಿ ತೆಗೆದುಕೊಳ್ಳೋಣ

(ವಾಚನಾಲಯದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ಮುಂಬಯಿಯಲ್ಲಿರುವ ನಮಗೆ ವರ್ಷದ ದೊಡ್ಡ ಖರ್ಚುಗಳಲ್ಲಿ ಊರಿಗೆ ಹೋಗಿಬರುವುದೂ ಒಂದು. ಕೆಲವರು ಹುಬ್ಬಳ್ಳಿಗೆ, ಕೆಲವರು ವಿಜಯಪುರಕ್ಕೆ, ಕೆಲವರು ಮತ್ಸ್ಯಗಂಧಾ ಹಿಡಿದು ಉಡುಪಿ, ಮಂಗಳೂರಿಗೆ. ಇದನ್ನು ಬಲ್ಲವರೇ ಇರಬೇಕು, "ಈ ಕ್ರೆಡಿಟ್ ಕಾರ್ಡು ತೆಗೆದುಕೊಳ್ಳಿ, ಟಿಕೀಟು ಪುಕ್ಕಟೆ" ಎಂದು ನಮ್ಮನ್ನು ಕರೆಯುತ್ತಾರೆ. ಈಚೆಗೆ ನಮ್ಮ ವಾಚನಾಲಯಕ್ಕೆ ಬರುವ ತರುಣರೊಬ್ಬರು ತಮ್ಮ ಕಾರ್ಡಿನ ಬಿಲ್ಲನ್ನು ತಂದು ನಮ್ಮ ಮುಂದಿಟ್ಟರು. ಅದನ್ನು ಓದಿದ ಮೇಲೆ ಈ ನಾಲ್ಕು ಮಾತು ಹೇಳಲೇಬೇಕೆನಿಸಿತು.

ಮೊದಲು, ಈ ಬಹುಮಾನ ಎಲ್ಲಿಂದ ಬರುತ್ತದೆ? ನಾವು ಕಾರ್ಡಿನಿಂದ ಕೊಂಡಾಗ ಅಂಗಡಿಯವನು ಬ್ಯಾಂಕಿಗೆ ಸ್ವಲ್ಪ ಕಮಿಷನ್ ತೆರುತ್ತಾನೆ. ಬಿಲ್ಲನ್ನು ಪೂರ್ತಿ ಕಟ್ಟದವರು ಬಡ್ಡಿ ತೆರುತ್ತಾರೆ. ಅದರಲ್ಲಿ ಒಂದು ಪಾಲು ಪಾಯಿಂಟುಗಳಾಗಿ ಹಂಚಿಕೆಯಾಗುತ್ತದೆ. ಆದುದರಿಂದ ಇಲ್ಲಿ ಪುಕ್ಕಟೆಯೆಂಬುದು ಇಲ್ಲ. ನಾವು ಪಡೆಯುವವರ ಸಾಲಿನಲ್ಲಿದ್ದೇವೆಯೋ, ತೆರುವವರ ಸಾಲಿನಲ್ಲಿದ್ದೇವೆಯೋ ಎಂಬುದಷ್ಟೇ ಪ್ರಶ್ನೆ.

ಆರಿಸುವಾಗ ಒಂದು ಕಾಗದ, ಒಂದು ಪೆನ್ಸಿಲು ಹಿಡಿಯಿರಿ. ಕಾರ್ಡಿನ ವರ್ಷದ ಶುಲ್ಕ 500 ರೂಪಾಯಿ ಎಂದಿಟ್ಟುಕೊಳ್ಳಿ. ಅದರ ಮೇಲೆ ನೂರಕ್ಕೆ 18ರಂತೆ ಜಿ.ಎಸ್.ಟಿ. ಸೇರಿ 590. ಒಂಟಿಯಾಗಿರುವ ಸದಸ್ಯರು ವರ್ಷಕ್ಕೆರಡು ಸಲ ಸ್ಲೀಪರಿನಲ್ಲಿ ಹೋಗಿಬರುತ್ತಾರೆ. ಟಿಕೀಟಿಗೆ 450ರಂತೆ ನಾಲ್ಕಕ್ಕೆ 1,800. ನೂರಕ್ಕೆ ಹತ್ತು ಹಿಂದಕ್ಕೆ ಬಂದರೂ 180 ಮಾತ್ರ. 410 ರೂಪಾಯಿ ಕೈಬಿಟ್ಟಂತಾಯಿತು. ಅದೂ, ರೈಲ್ವೆ ಟಿಕೀಟಿಗೆಂದೇ ಇರುವ ಕಾರ್ಡುಗಳಲ್ಲಿ ಈ ದೊಡ್ಡ ಪಾಯಿಂಟು ಎ.ಸಿ. ಟಿಕೀಟಿಗೆ ಮಾತ್ರ ಎಂಬ ಷರತ್ತು ಇರುವುದುಂಟು. ಸ್ಲೀಪರಿನವರಿಗೆ ಅದೂ ಇಲ್ಲ. ಇನ್ನೊಬ್ಬರು ನಾಲ್ಕು ಮಂದಿಯ ಸಂಸಾರವಂದಿಗರು. ಎರಡು ಸಲ ಥರ್ಡ್ ಎ.ಸಿ.ಯಲ್ಲಿ ಹೋಗಿಬಂದರೆ ಹದಿನಾರು ಟಿಕೀಟು. ತಲಾ 1,200ರಂತೆ 19,200. ಹಿಂದಕ್ಕೆ ಬರುವುದು 1,920. ಶುಲ್ಕ ಕಳೆದು 1,330 ಲಾಭ. ಒಂದೇ ಕಾರ್ಡು, ಒಬ್ಬರಿಗೆ ಲಾಭ, ಒಬ್ಬರಿಗೆ ನಷ್ಟ. ಪಕ್ಕದ ಮನೆಯವರು ತೆಗೆದುಕೊಂಡರೆಂದು ನಾವೂ ತೆಗೆದುಕೊಳ್ಳುವುದು ಸರಿಯಲ್ಲ.

ಇನ್ನು ತಾರೀಖಿನ ವಿಚಾರ. ಬಿಲ್ಲು 5ನೆಯ ತಾರೀಖಿಗೆ ಮುಗಿದು, ಕಟ್ಟುವ ಕಡೆಯ ದಿನ 25 ಎಂದಾದರೆ, 6ರಂದು ಕೊಂಡದ್ದಕ್ಕೆ ಸುಮಾರು ಐವತ್ತು ದಿನ ಬಡ್ಡಿಯಿಲ್ಲ; 4ರಂದು ಕೊಂಡದ್ದಕ್ಕೆ ಸುಮಾರು ಇಪ್ಪತ್ತೇ ದಿನ. ಪಗಾರ ಬಂದ ಮೇಲೆ ಕಡೆಯ ದಿನ ಬೀಳುವಂತೆ ಬಿಲ್ಲಿನ ತಾರೀಖನ್ನು ಬದಲಿಸಿಕೊಳ್ಳುವ ಅವಕಾಶವನ್ನು ರಿಸರ್ವ್ ಬ್ಯಾಂಕು ನಮಗೆ ಕೊಟ್ಟಿದೆ, ಕೇಳಿ ಪಡೆಯಿರಿ.

ಈಗ ಆ ತರುಣರ ಬಿಲ್ಲಿಗೆ ಬರೋಣ. ತಂಗಿಯ ಮದುವೆಯ ಬಟ್ಟೆಬರೆಯನ್ನು 20,000 ರೂಪಾಯಿಗೆ ಕಾರ್ಡಿನಿಂದ ಕೊಂಡರು. ಪಾಯಿಂಟು ಬರುತ್ತದೆಂಬ ಆಸೆ. ಬಂದದ್ದು 200 ರೂಪಾಯಿಯಷ್ಟು. ಬಿಲ್ಲಿನಲ್ಲಿ "ಕನಿಷ್ಠ ಮೊತ್ತ 1,000" ಎಂದಿತ್ತು. ಅಷ್ಟು ಕಟ್ಟಿದರೆ ಸಾಕೆಂದು ನಂಬಿದರು. ಬಡ್ಡಿ ತಿಂಗಳಿಗೆ ನೂರಕ್ಕೆ ಮೂರೂವರೆ, ಅಂದರೆ ವರ್ಷಕ್ಕೆ 42. ಮೊದಲ ತಿಂಗಳು 700 ಬಡ್ಡಿ, ಅದರ ಮೇಲೆ 126 ತೆರಿಗೆ. ಕಟ್ಟಿದ ಸಾವಿರದಲ್ಲಿ ಅಸಲಿಗೆ ಸೇರಿದ್ದು 174 ರೂಪಾಯಿ! ಆರು ತಿಂಗಳಲ್ಲಿ ಆರು ಸಾವಿರ ಕಟ್ಟಿದರೂ 18,800ಕ್ಕೂ ಮೇಲ್ಪಟ್ಟು ಬಾಕಿ ಉಳಿಯಿತು. ಬಾಕಿ ಇದ್ದಷ್ಟು ದಿನ ಹೊಸದಾಗಿ ಕೊಂಡ ಟಿಕೀಟಿಗೂ ಕೊಂಡ ದಿನದಿಂದಲೇ ಬಡ್ಡಿ. ಕಡೆಗೆ ಅವರು ತಮ್ಮ ಪತ್ತಿನ ಸಂಘದಲ್ಲಿ ಕಡಿಮೆ ಬಡ್ಡಿಗೆ ಸಾಲ ಎತ್ತಿ ಇದನ್ನು ತೀರಿಸಿದರು. ನಾವು ಕೊಟ್ಟ ಸಲಹೆ ಇಷ್ಟೇ. ಮೊದಲೇ ಕೇಳಿದ್ದರೆ ಎಂಬ ನೋವು ಅವರಿಗೂ ಉಂಟು, ನಮಗೂ ಉಂಟು.

ಬಡ್ಡಿಗೆ ಮಿತಿಯಿಲ್ಲವೇ ಎಂದು ಕೇಳುವಿರಿ. ನೂರಕ್ಕೆ 30ಕ್ಕಿಂತ ಹೆಚ್ಚು ಕೂಡದೆಂದು ರಾಷ್ಟ್ರೀಯ ಗ್ರಾಹಕ ಆಯೋಗವು 2008ರಲ್ಲಿ ಹೇಳಿತ್ತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದುಮಾಡಿತು. ಆದುದರಿಂದ ಕಾಯುವವರು ನಾವೇ. ಕಾರ್ಡಿನಿಂದ ನಗದು ತೆಗೆಯುವುದಂತೂ ಬೇಡ. ಅದಕ್ಕೆ ಶುಲ್ಕವೂ ಉಂಟು, ತೆಗೆದ ದಿನದಿಂದಲೇ ಬಡ್ಡಿಯೂ ಉಂಟು.

ಪಾಯಿಂಟುಗಳನ್ನು ಉಳಿತಾಯವೆಂದು ಕೂಡಿಡಬೇಡಿ. ಅವುಗಳ ಬೆಲೆ ಕಟ್ಟುವವರು ಕೊಡುವವರೇ. 2019ರ ಏಪ್ರಿಲಿನಲ್ಲಿ ಜೆಟ್ ಏರ್‌ವೇಸ್ ಹಾರಾಟ ನಿಲ್ಲಿಸಿದಾಗ, ಅದರ ವಿಮಾನಗಳಿಗೆಂದು ಮೈಲುಗಳನ್ನು ಕೂಡಿಸಿದ್ದವರಿಗೆ ಹತ್ತಲು ಆ ವಿಮಾನವೇ ಇಲ್ಲದಾಯಿತು. ಟಿಕೀಟಿಗೆ ಸಾಕಾಗುವಷ್ಟು ಪಾಯಿಂಟು ಸೇರಿದೊಡನೆ ಬಳಸಿಬಿಡಿ.

ನಮಗೆ ಹಕ್ಕುಗಳೂ ಇವೆ. ರಿಸರ್ವ್ ಬ್ಯಾಂಕಿನ ನಿರ್ದೇಶನದಂತೆ ಕೇಳದೆ ಕಾರ್ಡು ಕಳುಹಿಸಕೂಡದು. ಬಾಕಿ ತೀರಿಸಿ ಕಾರ್ಡು ಮುಚ್ಚಿರೆಂದು ಕೇಳಿದರೆ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು. ತಪ್ಪಿದರೆ ದಿನಕ್ಕೆ 500 ರೂಪಾಯಿಯಂತೆ ನಮಗೆ ಕೊಡಬೇಕು. ಫೋನಿಗೆ ಬರುವ ಓ.ಟಿ.ಪಿ.ಯನ್ನು ಮಾತ್ರ ಯಾರು ಕೇಳಿದರೂ ಹೇಳಬೇಡಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳಿದರು. ಬಿಲ್ಲನ್ನು ಪ್ರತಿ ತಿಂಗಳೂ ಪೂರ್ತಿ ಕಟ್ಟಬಲ್ಲೆವೆಂಬ ಧೈರ್ಯವಿದ್ದವರು ಲೆಕ್ಕ ಹಾಕಿ ಒಂದು ಕಾರ್ಡು ತೆಗೆದುಕೊಳ್ಳಲಿ. ಇಲ್ಲದವರು ತಿಂಗಳಿಗೆ ನೂರೈವತ್ತು ಬೇರೆಯಿಟ್ಟರೆ ವರ್ಷಕ್ಕೆ 1,800 ಆಗುತ್ತದೆ. ಮೇಲೆ ಹೇಳಿದ ನಾಲ್ಕು ಸ್ಲೀಪರ್ ಟಿಕೀಟು ಅದರಲ್ಲೇ ಬಂದವು. ಷರತ್ತಿನ ಕಾಗದ ಇಂಗ್ಲಿಷಿನಲ್ಲಿದ್ದು ತೊಡಕೆನಿಸಿದರೆ, ಸಹಿ ಹಾಕುವ ಮೊದಲು ಇಲ್ಲಿಗೆ ತನ್ನಿ. ಕೂಡಿ ಓದೋಣ, ಸಂಕೋಚ ಬೇಡ.