ಸುಣ್ಣದ ಟ್ಯೂಬು ಮತ್ತು ಮಗುವಿನ ಕಣ್ಣು

ಇವತ್ತು ರಾಜಕೀಯ ಬೇಡ. ಕೆಲವೇ ರೂಪಾಯಿಗೆ ಸಿಗೋ ಒಂದು ಸುಣ್ಣದ ಟ್ಯೂಬಿನ ಬಗ್ಗೆ ಮಾತಾಡೋಣ.

ಯಾದಗಿರಿ, ಶಹಾಪುರ, ಸುರಪುರದ ಯಾವ ಬಸ್ ನಿಲ್ದಾಣಕ್ಕೆ ಹೋದರೂ ಪಾನ್ ಡಬ್ಬಾದ ಮುಂದೆ ಈ ಟ್ಯೂಬು ನೇತಾಡ್ತಿರುತ್ತೆ. ಎಲೆ ಅಡಿಕೆಗೆ, ತಂಬಾಕು ತಿಕ್ಕಲಿಕ್ಕೆ ಅದು ಬೇಕು. ಅಜ್ಜನ ಅಂಗಿ ಕಿಸೆಯಲ್ಲಿರುತ್ತೆ, ಅಜ್ಜಿಯ ಸಂಚಿಯಲ್ಲಿರುತ್ತೆ. ಮನೆಯ ಕೂಸಿಗೆ ಅದು ಆಟದ ಸಾಮಾನು. ಒಣಗಿ ಬಾಯಿ ಕಟ್ಟಿಕೊಂಡ ಟ್ಯೂಬನ್ನು ಮುಖದ ಹತ್ತಿರ ಹಿಡಿದು ಜೋರಾಗಿ ಒತ್ತುತ್ತೆ. ಟಪ್ ಅಂತ ಒಡೆದು ಸುಣ್ಣ ನೇರ ಕಣ್ಣಿಗೇ.

ಇದು ನನ್ನ ಕಲ್ಪನೆಯಲ್ಲ. 2003ರಲ್ಲೇ ದೆಹಲಿಯ ಏಮ್ಸ್ ವೈದ್ಯರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಸುಣ್ಣದ ಪೊಟ್ಟಣದ ಅಪಾಯದ ಬಗ್ಗೆ ಎಚ್ಚರಿಕೆ ಬರೆದರು. ಕಣ್ಣಿನ ಒಟ್ಟು ಗಾಯಗಳಲ್ಲಿ ನೂರಕ್ಕೆ ಸುಮಾರು 11ರಿಂದ 22 ರಾಸಾಯನಿಕದಿಂದ ಆದವು ಅಂತ ವೈದ್ಯ ಸಾಹಿತ್ಯ ಹೇಳುತ್ತೆ. ಫ್ಯಾಕ್ಟರಿ ಕೆಲಸಗಾರರಿಗಷ್ಟೇ ಆಗೋದು ಅಂದುಕೊಳ್ಳಬೇಡಿ. ಅಮೆರಿಕದಲ್ಲಿ 2010ರಿಂದ 2013ರವರೆಗಿನ ತುರ್ತು ಚಿಕಿತ್ಸೆಯ ಲೆಕ್ಕ ತೆಗೆದಾಗ, ಅತಿ ಹೆಚ್ಚು ಪ್ರಮಾಣ ಕಂಡದ್ದು ಒಂದು ಎರಡು ವರ್ಷದ ಕೂಸುಗಳಲ್ಲಿ. ಅಲ್ಲಿ ಮನೆ ತೊಳೆಯೋ ದ್ರಾವಣ, ನಮ್ಮಲ್ಲಿ ಸುಣ್ಣ.

ಆಸಿಡ್ ಅಂದ್ರೆ ಹೆದರ್ತೀವಿ. ಹೆದರಲೇಬೇಕು. ಆದರೆ ಕಣ್ಣಿನ ಮಟ್ಟಿಗೆ ಸುಣ್ಣದಂಥ ಕ್ಷಾರ ಸಾಮಾನ್ಯವಾಗಿ ಅದಕ್ಕಿಂತ ಕೆಟ್ಟದ್ದು. ಆಸಿಡ್ ಬಿದ್ದ ಜಾಗದ ಪ್ರೋಟೀನು ಹೆಪ್ಪುಗಟ್ಟಿ ತಾನೇ ಒಂದಷ್ಟು ತಡೆಗೋಡೆ ಆಗುತ್ತೆ. ಕ್ಷಾರ ಹಾಗಲ್ಲ, ಕೊಬ್ಬನ್ನು ಸಾಬೂನು ಮಾಡಿದಂತೆ ಕರಗಿಸ್ತಾ ಒಳಗೆ ಇಳೀತಾ ಹೋಗುತ್ತೆ. ಮೇಲಾಗಿ ಸುಣ್ಣದ ಕಣ ಮೇಲಿನ ರೆಪ್ಪೆಯ ಅಡಿ ಅಂಟಿಕೊಂಡು ಗಂಟೆಗಟ್ಟಲೆ ಸುಡ್ತಿರುತ್ತೆ.

ಆ ಹೊತ್ತಿನಲ್ಲಿ ಮನೆಯಲ್ಲಿ ಏನಾಗುತ್ತೆ? "ನೀರು ಹಾಕಬ್ಯಾಡ್ರಿ, ಸುಣ್ಣ ಕುದೀತದ" ಅಂತಾರೆ ಹಿರಿಯರು. ಒಬ್ಬರು ಹರಳೆಣ್ಣೆ ತರ್ತಾರೆ, ಇನ್ನೊಬ್ಬರು ಎದೆಹಾಲು ಹಿಂಡು ಅಂತಾರೆ. ಹಿರಿಯರ ಮಾತಿಗೆ ಕಾರಣ ಇದೆ. ಗೋಡೆಗೆ ಹಚ್ಚಲಿಕ್ಕೆ ತಂದ ಸುಟ್ಟ ಸುಣ್ಣದ ಕಲ್ಲು ನೀರಿಗೆ ಬಿದ್ದರೆ ಕುದಿಯೋದು ಹೌದು. ಆದರೆ ಟ್ಯೂಬಿನ ಸುಣ್ಣ ಈಗಾಗಲೇ ನೀರು ಕುಡಿದು ಆರಿದ ಸುಣ್ಣ, ಅದು ಮತ್ತೆ ಕುದಿಯಲ್ಲ. ಸುಟ್ಟ ಸುಣ್ಣದ ಪುಡಿಯೇ ಬಿದ್ದಿದ್ರೆ ಒಣ ಬಟ್ಟೆಯಿಂದ ಪುಡಿ ಒರೆಸಿ ತೆಗೆದು, ತಕ್ಷಣ ಧಾರಾಳ ನೀರು. ಎರಡಕ್ಕೂ ಮದ್ದು ನೀರೇ. ಕೊಡದ ನೀರಿರಲಿ, ನಳದ ನೀರಿರಲಿ, ರೆಪ್ಪೆ ಅಗಲಿಸಿ ಅರ್ಧ ತಾಸು ಬಿಡದೆ ಹೊಯ್ಯಿರಿ. ಕೂಸು ಚೀರುತ್ತೆ, ಚೀರಲಿ. ಆಮೇಲೆ ಆಸ್ಪತ್ರೆ. ರೆಪ್ಪೆ ಮಗುಚಿ ಕಣ ತೆಗೆಸಲೇಬೇಕು.

ತಡವಾದ್ರೆ? ಕಣ್ಣಿನ ಕಪ್ಪು ಗುಡ್ಡೆಯ ಅಂಚಿನಲ್ಲಿ ಕಾಂಡಕೋಶಗಳಿವೆ. ಕಾರ್ನಿಯಾದ ಮೇಲ್ಪದರ ದಿನಾ ಹೊಸದಾಗೋದು ಅವುಗಳಿಂದ. ಅವು ಪೂರ್ತಿ ಸತ್ತರೆ ಕಣ್ಣು ಬೆಳ್ಳಗಾಗುತ್ತೆ, ರಕ್ತನಾಳ ಹಬ್ಬುತ್ತೆ. ದಾನಿಯ ಕಣ್ಣು ತಂದು ಹಾಕಿದರೂ ಅದೊಂದರಿಂದ ನಿಲ್ಲಲ್ಲ. ಗ್ಲಾಕೋಮಾ ಬೇರೆ ಬರಬಹುದು.

ಇಲ್ಲೊಂದು ಸಮಾಧಾನದ ಸುದ್ದಿ. ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯಲ್ಲಿ ಡಾ. ವೀರೇಂದರ್ ಸಂಗ್ವಾನ್ ಮತ್ತು ತಂಡ 2012ರಲ್ಲಿ ಪ್ರಕಟಿಸಿದ ಸ್ಲೆಟ್ ಅನ್ನೋ ವಿಧಾನ. ಚೆನ್ನಾಗಿರೋ ಇನ್ನೊಂದು ಕಣ್ಣಿನಿಂದ ಅಕ್ಕಿಕಾಳಿಗಿಂತ ಸಣ್ಣ ಚೂರು ತೆಗೆದು ಕೆಟ್ಟ ಕಣ್ಣಿನಲ್ಲಿ ನಾಟಿ ಮಾಡ್ತಾರೆ, ನಮ್ಮ ಗದ್ದೆಯ ಭತ್ತದ ಸಸಿಯಂತೆ. 2016ರಲ್ಲಿ ಬಂದ ವರದಿಯಲ್ಲಿ 125 ಜನರಲ್ಲಿ 95 ಮಂದಿಗೆ ಯಶಸ್ಸು. ಆ 125ರಲ್ಲಿ 60 ಮಕ್ಕಳು! ಈ ಸಂಖ್ಯೆ ಓದಿ ನಾನು ಸಮಾಧಾನ ಮರೆತೆ. ಮತ್ತೆ ಇದು ಒಂದೇ ಕಣ್ಣು ಹೋದವರ ಲೆಕ್ಕ. ಎರಡೂ ಹೋದರೆ ತೆಗೆಯಲಿಕ್ಕೆ ಚೂರು ಎಲ್ಲಿದೆ?

2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕು ಅಂತ ಆದೇಶಿಸಿತು. ಒಳ್ಳೆಯ ಕೆಲಸ. ಸುಣ್ಣ ಬಿದ್ದ ಕಣ್ಣಿಗೂ ಅಂಥದ್ದೊಂದು ರಿಜಿಸ್ಟರು ತಾಲೂಕು ಆಸ್ಪತ್ರೆಯಲ್ಲಿ ಇಡಿ ಅಂತ ಆರೋಗ್ಯ ಸಚಿವರನ್ನು ಕೇಳ್ತೀನಿ. ಟ್ಯೂಬಿನ ಮೇಲೆ ಕನ್ನಡದಲ್ಲಿ ಎಚ್ಚರಿಕೆ, ಮಗುವಿನ ಕೈಗೆ ತೆರೆಯದ ಮುಚ್ಚಳ, ಇದಕ್ಕೇನು ದೊಡ್ಡ ಬಜೆಟ್ ಬೇಕೇ? 371ಜೆ ಬಂದು ಹತ್ತು ವರ್ಷ ದಾಟಿದೆ. ಇವತ್ತು ರಾತ್ರಿ ಸುರಪುರದ ಹಳ್ಳಿಯೊಂದರಲ್ಲಿ ಸುಣ್ಣ ಸಿಡಿದರೆ ಕಾರ್ನಿಯಾ ತಜ್ಞರನ್ನು ಹುಡುಕಿಕೊಂಡು ಆ ತಾಯಿ ರಾಜ್ಯವನ್ನೇ ದಾಟಿ ಹೈದರಾಬಾದಿನ ದಾರಿ ಹಿಡೀತಾಳೆ. ಅಜ್ಜಾ, ನಿಮ್ಮ ಕಿಸೆಯ ಟ್ಯೂಬನ್ನು ಈಗಲೇ ಗೂಟದ ಮೇಲಿನ ಮಾಡಕ್ಕೆ ಎತ್ತಿಡ್ರಿ.