ಉಂಡ ಅನ್ನದ ಸುದ್ದಿ ಪಿತ್ತಜನಕಾಂಗಕ್ಕೆ ಮುಟ್ಟುವ ಬಗೆ

(ಗಿಲ್ಲೆಸುಗೂರಿನಲ್ಲಿ ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಸಕ್ಕರೆ ಕಾಯಿಲೆ ಇರುವವರು ಮೇಲಿಂದ ಮೇಲೆ ಕೇಳುವ ಪ್ರಶ್ನೆ ಒಂದಿದೆ. "ಚಹಕ್ಕೆ ಸಕ್ಕರೆ ಬಿಟ್ಟೆ. ರಾತ್ರಿ ಎರಡೇ ರೊಟ್ಟಿ ಉಂಡು ಮಲಗಿದೆ. ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ರಕ್ತ ಕೊಟ್ಟರೆ ಸಕ್ಕರೆ ಹೆಚ್ಚಿದೆ ಅನ್ನುತ್ತಾರೆ. ತಿನ್ನದ ಸಕ್ಕರೆ ಎಲ್ಲಿಂದ ಬಂತು?" ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಸಿಗದವರು ಪರೀಕ್ಷೆಯನ್ನೇ ನಂಬದೆ ಗುಳಿಗೆ ಬಿಟ್ಟುಬಿಡುತ್ತಾರೆ. ವರ್ಷ ಕಳೆದ ಮೇಲೆ ಕಾಲಿನ ಗಾಯ ಮಾಯುತ್ತಿಲ್ಲವೆಂದು ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಾರೆ. ಅದಕ್ಕಾಗಿ ಇಂದು ಈ ಒಂದು ವಿಷಯವನ್ನೇ ಬಿಡಿಸಿ ಹೇಳಬೇಕೆಂದಿದ್ದೇನೆ.

ದೊಡ್ಡವರ ಇಡೀ ಮೈಯ ರಕ್ತದಲ್ಲಿ ಒಂದು ಹೊತ್ತಿಗೆ ಇರುವ ಸಕ್ಕರೆ ಸುಮಾರು 5 ಗ್ರಾಂ, ಅಂದರೆ ಒಂದು ಚಹದ ಚಮಚೆಯಷ್ಟು. ಉಳಿದದ್ದೆಲ್ಲ ದಾಸ್ತಾನು. ಕುರಿ ಕೊಯ್ದಾಗ ನಾವು ಕಲೀಜ ಅನ್ನುವ ಪಿತ್ತಜನಕಾಂಗವು ಮನೆಯೊಳಗಿನ ಗುಮ್ಮಿ ಇದ್ದಂತೆ. ಅದರಲ್ಲಿ ಸುಮಾರು 100 ಗ್ರಾಂ ಸಕ್ಕರೆ ಪಿಷ್ಟದ ರೂಪದಲ್ಲಿರುತ್ತದೆ. ನಾವು ಮಲಗಿದಾಗಲೂ ಮಿದುಳಿಗೆ ಸಕ್ಕರೆ ಬೇಕು. ಗುಮ್ಮಿಯಿಂದ ಸ್ವಲ್ಪ ಸ್ವಲ್ಪವಾಗಿ ಅದನ್ನು ಹೊರಗೆ ಬಿಡುವುದು ಪಿತ್ತಜನಕಾಂಗದ ಕೆಲಸ. ಸ್ನಾಯುಗಳಲ್ಲಿ ಇದರ ಮೂರು ನಾಲ್ಕು ಪಟ್ಟು ದಾಸ್ತಾನಿದೆ. ಆದರೆ ಸ್ನಾಯು ಒಮ್ಮೆ ಒಳಗೆ ಹಾಕಿಕೊಂಡದ್ದನ್ನು ತಾನೇ ಬಳಸುತ್ತದೆಯೇ ಹೊರತು ಸಕ್ಕರೆಯಾಗಿ ರಕ್ತಕ್ಕೆ ಮರಳಿ ಕೊಡುವುದಿಲ್ಲ. ಕೊಬ್ಬು ನೆಲದೊಳಗಿನ ಹಗೇವು. ಹೆಚ್ಚಾದದ್ದು ಅಲ್ಲಿಗೆ ಹೋಗುತ್ತದೆ, ಬರಗಾಲಕ್ಕೆ ಅಲ್ಲಿಂದ ತೆಗೆಯಬೇಕು.

ಹಾಗಾದರೆ ಬೆಳಗಿನ ಸಕ್ಕರೆ ಪಿತ್ತಜನಕಾಂಗ ಬಿಟ್ಟದ್ದು. ಆರೋಗ್ಯವಂತರಲ್ಲೂ ಅದು ಬಿಡುತ್ತದೆ, ಆದರೆ ಇನ್ಸುಲಿನ್ ಅದಕ್ಕೆ ಲಗಾಮು ಹಾಕಿರುತ್ತದೆ. ಕಾಯಿಲೆಯವರಲ್ಲಿ ಈ ಲಗಾಮು ಸಡಿಲ. ಗುಮ್ಮಿಯ ಬಾಯಿ ತೆರೆಯಿಸುವ ಗ್ಲುಕಗಾನ್ ಎಂಬ ಇನ್ನೊಂದು ಚೋದಕದ ಕೈ ಮೇಲಾಗುತ್ತದೆ. ಇವೆರಡೂ ಮೇದೋಜೀರಕ ಗ್ರಂಥಿಯಿಂದ ಬರುವಂಥವು.

ಇಲ್ಲಿ ಕರುಳಿನ ಪಾತ್ರ ಬರುತ್ತದೆ. ತುಂಗಭದ್ರಾ ಎಡದಂಡೆ ನಾಲೆಯ ಕೊನೆ ಭಾಗದವರಿಗೆ ಇದನ್ನು ಹೇಳುವುದು ಸುಲಭ. ಮೇಲೆ ನೀರು ಬಿಟ್ಟ ಸುದ್ದಿ ನಿಮಗೆ ಮೊದಲೇ ಮುಟ್ಟಿದರೆ ಬದು ಕಟ್ಟಿ ಕಾಲುವೆ ಸರಿಮಾಡಿ ಕಾಯುತ್ತೀರಿ. ಸುದ್ದಿಯೇ ಇಲ್ಲದೆ ನೀರು ನುಗ್ಗಿದರೆ ಅರ್ಧ ಹಳ್ಳದ ಪಾಲು. ಕರುಳು ಹಾಗೆ ಮೊದಲೇ ಸುದ್ದಿ ಕಳಿಸುವ ಲಷ್ಕರ್. ಅನ್ನ ಕರುಳಿಗೆ ಇಳಿಯುತ್ತಲೇ ಅದರ ಗೋಡೆಯ ಕೋಶಗಳು ಚೋದಕಗಳನ್ನು ರಕ್ತಕ್ಕೆ ಬಿಡುತ್ತವೆ.

ಇದು ಊಹೆಯಲ್ಲ. 1902ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ವಿಜ್ಞಾನಿಗಳು ನಾಯಿಯ ಕರುಳಿನ ಒಂದು ತುಂಡಿಗೆ ಹೋಗುವ ನರಗಳನ್ನೆಲ್ಲ ಕತ್ತರಿಸಿ, ಅದರೊಳಗೆ ಆಮ್ಲ ಹಾಕಿದರು. ನರವಿಲ್ಲದಿದ್ದರೂ ಮೇದೋಜೀರಕ ಗ್ರಂಥಿ ರಸ ಸುರಿಸಿತು. ಸುದ್ದಿ ರಕ್ತದ ಮೂಲಕ ಹೋಗಿತ್ತು. ಹಾರ್ಮೋನು ಎಂಬ ಹೆಸರು ಬಂದದ್ದು ಆ ಬಳಿಕ, 1905ರಲ್ಲಿ. 1964ರಲ್ಲಿ ಇನ್ನೊಂದು ಸಂಗತಿ ಗಟ್ಟಿಯಾಯಿತು: ಸಕ್ಕರೆಯನ್ನು ನರಕ್ಕೆ ಚುಚ್ಚಿ ಕೊಟ್ಟಾಗಿನದಕ್ಕಿಂತ ಬಾಯಿಯಿಂದ ಕುಡಿಸಿದಾಗ ಹೆಚ್ಚು ಇನ್ಸುಲಿನ್ ಬರುತ್ತದೆ. ಆರೋಗ್ಯವಂತರಲ್ಲಿ, ಬಾಯಿಯಿಂದ ಸಕ್ಕರೆ ಸೇವಿಸಿದಾಗ ಬರುವ ಇನ್ಸುಲಿನ್ನಿನ ಅರ್ಧಕ್ಕಿಂತ ಹೆಚ್ಚು ಭಾಗ ಕರುಳಿನ ಈ ಸುದ್ದಿಯಿಂದಲೇ.

ಸುದ್ದಿಗಾರರು ಮುಖ್ಯವಾಗಿ ಇಬ್ಬರು. ಒಬ್ಬ ಜಿ.ಐ.ಪಿ.; ಸಣ್ಣ ಕರುಳಿನ ಮೇಲ್ಭಾಗದವನು. ಇವನು ಇನ್ಸುಲಿನ್ ಹೆಚ್ಚಿಸುವುದರ ಜೊತೆಗೆ ನೇರವಾಗಿ ಕೊಬ್ಬಿನ ಅಂಗಾಂಶಕ್ಕೇ ಹೋಗಿ, ಊಟದ ಕೊಬ್ಬನ್ನು ಒಳಗೆ ಎಳೆದುಕೊಳ್ಳುವಂತೆ ಮಾಡುತ್ತಾನೆ. ಇನ್ನೊಬ್ಬ ಜಿ.ಎಲ್.ಪಿ.-1, ಹೆಚ್ಚಾಗಿ ಕರುಳಿನ ಕೆಳಭಾಗದವನು. ಇವನ ಆಯುಷ್ಯ ರಕ್ತದಲ್ಲಿ ಎರಡು ನಿಮಿಷ ಮಾತ್ರ. ಅಷ್ಟರಲ್ಲೇ ಇನ್ಸುಲಿನ್ ಏರಿಸಿ, ಗ್ಲುಕಗಾನ್ ಇಳಿಸಿ, ಜಠರದಿಂದ ಅನ್ನ ನಿಧಾನವಾಗಿ ಇಳಿಯುವಂತೆ ಮಾಡಿ, ಸಾಕೆಂದು ಮಿದುಳಿಗೂ ಹೇಳುತ್ತಾನೆ. ಗ್ಲುಕಗಾನ್ ಇಳಿದರೆ ಪಿತ್ತಜನಕಾಂಗ ಗುಮ್ಮಿಯ ಬಾಯಿ ಮುಚ್ಚುತ್ತದೆ. ಇನ್ಸುಲಿನ್ ಏರಿದರೆ ಸ್ನಾಯುವಿನ ಬಾಗಿಲು ತೆರೆಯುತ್ತದೆ. ಪಿತ್ತಜನಕಾಂಗ ಮತ್ತು ಸ್ನಾಯುಗಳ ಮೇಲೆ ಕರುಳಿನ ಹಿಡಿತ ಬಹುಮಟ್ಟಿಗೆ ಹೀಗೆ ಮೇದೋಜೀರಕದ ಮೂಲಕವೇ. ಸಕ್ಕರೆ ಕಾಯಿಲೆಯಲ್ಲಿ ಈ ಸುದ್ದಿಯ ಪರಿಣಾಮ ಕುಗ್ಗುತ್ತದೆ. ಊಟವಾದ ಮೇಲೂ ಪಿತ್ತಜನಕಾಂಗ ತನ್ನ ದಾಸ್ತಾನನ್ನು ಸುರಿಯುತ್ತಲೇ ಇರುತ್ತದೆ.

ಜಠರದಿಂದ ಬರುವ ಗ್ರೆಲಿನ್ ಹಸಿವಿನ ಚೋದಕ. ಇದು ತಿಳಿದದ್ದು 1999ರಲ್ಲಿ, ಜಪಾನಿನಲ್ಲಿ. ನಿಗದಿತ ವೇಳೆಗೆ ಮೇವು ಹಾಕುವ ಕುರಿಗಳಲ್ಲಿ ಆ ವೇಳೆಗೆ ಸ್ವಲ್ಪ ಮುಂಚೆ ಇದು ಏರುವುದನ್ನು ಅಳೆದಿದ್ದಾರೆ. ನೀವು ದಡ್ಡಿಯ ಹತ್ತಿರ ಹೋಗುವ ಮೊದಲೇ ಕುರಿ ಒದರುವುದು ಯಾಕೆಂದು ಇದರಿಂದ ತಿಳಿದೀತು.

ಇನ್ನು ತಾಟಿನ ವಿಷಯ. ನಾಲೆಗೆ ನೀರು ಬಂದ ಮೇಲೆ ಸಿಂಧನೂರು, ಮಾನ್ವಿ ಕಡೆ ಭತ್ತ ಹಬ್ಬಿತು. ಜೋಳದ ಮನೆಗಳಲ್ಲೂ ಅನ್ನ ಮೊದಲಾಯಿತು, ರೊಟ್ಟಿ ಹಿಂದಾಯಿತು. ಅಕ್ಕಿ ವಿಷವಲ್ಲ, ತಳಿಯಿಂದ ತಳಿಗೆ ವ್ಯತ್ಯಾಸವೂ ಇದೆ. ಆದರೆ ಪಾಲಿಶ್ ಮಾಡಿದ ಅಕ್ಕಿಯ ಮೆತ್ತನೆ ಅನ್ನವನ್ನು ತಾಟಿನ ತುಂಬ ಉಂಡರೆ ಅದು ಬೇಗ ಜೀರ್ಣವಾಗಿ ಕರುಳಿನ ಮೇಲ್ಭಾಗದಲ್ಲೇ ರಕ್ತ ಸೇರುತ್ತದೆ, ಕೆಳಗಿನವರೆಗೆ ಮುಟ್ಟುವುದು ಕಡಿಮೆ. ನಮ್ಮ ಮಂಡಾಳು ಒಗ್ಗರಣೆಯೂ ಅಂಥದ್ದೇ, ನನಗೂ ಬಿಡಲಾಗದ ರುಚಿ ಅದು. ಜೋಳದ ರೊಟ್ಟಿ, ತೊಗರಿಬೇಳೆ, ಮೊಳಕೆ ಹೆಸರು, ಪುಂಡಿಪಲ್ಯ ಇವು ನಿಧಾನ. ಇವುಗಳ ನಾರು ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಸೂಕ್ಷ್ಮಜೀವಿಗಳಿಂದ ಹುದುಗುತ್ತದೆ, ಆಗ ಹುಟ್ಟುವ ಆಮ್ಲಗಳು ಜಿ.ಎಲ್.ಪಿ.-1 ಕೋಶಗಳನ್ನು ಎಚ್ಚರಿಸುತ್ತವೆ. ಪಲ್ಯ, ಕಾಳು ಮೊದಲು ಉಂಡು ಅನ್ನವನ್ನು ಕೊನೆಗೆ ಇಟ್ಟುಕೊಂಡರೆ ಊಟದ ನಂತರದ ಸಕ್ಕರೆ ಕಡಿಮೆ ಏರುತ್ತದೆಂದು ಪರೀಕ್ಷೆಗಳು ತೋರಿಸಿವೆ. ಇದಕ್ಕೆ ಖರ್ಚಿಲ್ಲ. ಆದರೆ ಜೋಳ ತಿಂದರೆ ಸಕ್ಕರೆ ಏರುವುದೇ ಇಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಐದು ರೊಟ್ಟಿ ಐದೇ.

ಸ್ನಾಯುವಿಗೆ ಇನ್ನೊಂದು ಬಾಗಿಲಿದೆ. ದುಡಿಯುವಾಗ ಅದು ಇನ್ಸುಲಿನ್ ಅಪ್ಪಣೆಗೆ ಕಾಯದೆ ಸಕ್ಕರೆ ಎಳೆದುಕೊಳ್ಳುತ್ತದೆ. ಮಡಿಕೆ ಹೊಡೆಯುತ್ತಿದ್ದವರು ಈಗ ಟ್ರ್ಯಾಕ್ಟರ್ ಮೇಲೆ ಕೂತಿದ್ದೇವೆ, ಕಳೆಗೆ ಔಷಧಿ ಹೊಡೆಯುತ್ತೇವೆ. ಊಟ ಹಿಂದಿನಷ್ಟೇ. ರಾತ್ರಿ ಉಂಡ ಮೇಲೆ ಹದಿನೈದು ನಿಮಿಷ ನಡೆದರೂ ಆ ಬಾಗಿಲು ತೆರೆಯುತ್ತದೆ.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯಂತೆ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿಗೂ ಹೆಚ್ಚು. ತೆಳ್ಳಗಿದ್ದೇನೆ, ನನಗೆಲ್ಲಿಯದು ಎಂದು ಕೂಡಬೇಡಿ. ಹಗೇವು ಹೊರಗೆ ಕಾಣದೆ ಹೊಟ್ಟೆಯೊಳಗೆ, ಪಿತ್ತಜನಕಾಂಗದೊಳಗೇ ತುಂಬಿರಬಹುದು.

ಜಿ.ಎಲ್.ಪಿ.-1ರಂತೆ ಕೆಲಸ ಮಾಡುವ ಚುಚ್ಚುಮದ್ದುಗಳು 2005ರಿಂದ ಬಂದಿವೆ, ಪೇಟೆಯಲ್ಲಿ ತೂಕ ಇಳಿಸಲೂ ಅವುಗಳ ಹೆಸರು ಕೇಳುತ್ತೀರಿ. ವೈದ್ಯರು ಪರೀಕ್ಷಿಸಿ ಬರೆದುಕೊಡದೆ ಅವನ್ನು ತರಬೇಡಿ. ಹಳೆಯ ಗುಳಿಗೆಗಳಲ್ಲಿ ಕೆಲವು ಸಕ್ಕರೆ ಕಡಿಮೆ ಇದ್ದಾಗಲೂ ಮೇದೋಜೀರಕವನ್ನು ಒತ್ತಾಯಿಸುತ್ತವೆ. ಅಂಥ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಶ್ರಾವಣದ ಒಪ್ಪತ್ತು, ರಂಜಾನ್ ರೋಜಾ ಹಿಡಿಯುವ ಮೊದಲು ವೈದ್ಯರನ್ನು ಕೇಳಿ ಪ್ರಮಾಣ ಬದಲಿಸಿಕೊಳ್ಳಬೇಕು. ಹೊಲದಲ್ಲಿ ಒಮ್ಮೆಲೇ ಬೆವರಿ, ಕೈ ನಡುಗಿ, ಕಣ್ಣು ಮಂಜಾದರೆ ಅದು ಸಕ್ಕರೆ ಇಳಿದ ಲಕ್ಷಣ. ರುಮಾಲಿನ ತುದಿಯಲ್ಲಿ ಒಂದು ಬೆಲ್ಲದ ತುಂಡು ಕಟ್ಟಿಕೊಂಡಿರಿ. ತಕ್ಷಣ ಬಾಯಿಗೆ ಹಾಕಿ ನೆರಳಿಗೆ ಕೂತು, ಪಕ್ಕದ ಹೊಲದವರನ್ನು ಕೂಗಿರಿ.